ಕೆಂಡಕ್ಕೆ ನೀರು ಸುರಿದ ಗಾದಿಲಿಂಗಪ್ಪ

ಅನಂತಪುರದಲ್ಲಿ ಬಿ.ಎ. ಮುಗಿಸಿ ಬುಕ್ಕಸಾಗರಕ್ಕೆ ಮರಳಿದ ವರ್ಷ, ಸುಗ್ಗಿಯ ದಿನಗಳಲ್ಲಿ ದೊಡ್ಡಪ್ಪ ತಾಯಪ್ಪನ ಭತ್ತದ ಗಾಡಿ ಹತ್ತಿ ಹೊಸಪೇಟೆಗೆ ಹೊರಟಿದ್ದೆ. ಗಾಡಿಯ ಹಿಂದೆ ಕಾಲು ಕಟ್ಟಿದ ಹುಂಜವೊಂದು ನೇತಾಡುತ್ತಿತ್ತು. ಕಡ್ಡಿರಾಂಪುರ ದಾಟಿದ ಕೂಡಲೇ ಎತ್ತುಗಳು ತಾವಾಗಿಯೇ ಒಂದು ಬೇವಿನ ಮರದ ಕೆಳಗೆ ನಿಂತವು. ಮರಕ್ಕೆ ಒರಗಿದಂತೆ ಮೂರೇ ಗೋಡೆಗಳ ಗುಡಿಸಲು. ಒಳಗೆ ನೆಲದಲ್ಲಿ ತೋಡಿದ ಕುಣಿ, ಅದರ ತುಂಬ ಜಾಲಿ ಕಟ್ಟಿಗೆಯ ಕೆಂಡ. ಕುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದವನ ತೋಳುಗಳಲ್ಲಿ ಒಂದು ಕೂದಲೂ ಇರಲಿಲ್ಲ. ಹುಬ್ಬುಗಳು ಅರ್ಧ ಸುಟ್ಟಿದ್ದವು.

"ಇವ ನಮ್ಮ ಹುಡುಗ. ಬಿಯ್ಯೇ ಮಾಡ್ಯಾನ" ಎಂದ ದೊಡ್ಡಪ್ಪ.

ಅವನು ನನ್ನ ಬೂಟುಗಳನ್ನು ನೋಡಿ, ಒಂದು ಚೀಲ ಕೊಡವಿ ಹಾಸಿದ. "ಬಿಯ್ಯೇ ಮಾಡಿದವ್ರಿಗೆ ನೆಲದ ಮ್ಯಾಲೆ ಕುಂದ್ರಾಕ ಬರ್ತತೇನ್ರಿ? ಕುಂದ್ರಿ, ಕಲಿಸ್ತೀನಿ."

ಅವನೇ ಗಾದಿಲಿಂಗಪ್ಪ. ಹುಂಜ ಎಲ್ಲಿಯದು, ಯಾರದು ಎಂದು ಅವನು ಕೇಳಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ. ಅವನಪ್ಪನ ಕಾಲದಿಂದ ಆ ಕುಣಿಯ ರೂಢಿ ಅದು: ದಾರಿಯವರು ತಮ್ಮ ಮಾಂಸ ತಾವೇ ತರಬೇಕು, ಇವನು ಉಪ್ಪು ಖಾರ ಸವರಿ ಸುಟ್ಟುಕೊಡಬೇಕು. ಕೂಲಿಯೆಂದು ಒಂದು ಪಾಲು ಅವನಿಗೆ. ಹೆಂಡತಿ ಎರ್ರೆಮ್ಮ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಕಂಪ್ಲಿಯ ಬೆಲ್ಲದ ಗಾಡಿಗಳು, ನಮ್ಮ ಕಡೆಯ ಭತ್ತದ ಗಾಡಿಗಳು, ಎಲ್ಲವೂ ಅಲ್ಲಿ ನಿಂತೇ ಮುಂದೆ ಹೋಗುತ್ತಿದ್ದವು.

ಮರುವರ್ಷ ನಾನು ಸಮೀಪದ ಬೋರ್ಡ್ ಶಾಲೆಯಲ್ಲಿ ಮೇಷ್ಟರಾದೆ. ರಜಾದಿನಗಳಲ್ಲಿ ಅವನ ಗುಡಿಸಲಿಗೆ ಹೋಗುವುದು ಅಭ್ಯಾಸವಾಯಿತು. ಮುಂದಿನದನ್ನು ಅವನೇ ನನಗೆ ಹೇಳಿದ್ದಾನೆ. ಕೊನೆಯ ಭಾಗವನ್ನು ನಾನೇ ಕಂಡಿದ್ದೇನೆ.

ಕಡ್ಡಿರಾಂಪುರದಲ್ಲಿ ಭರಮಮ್ಮ ಎಂಬ ವಿಧವೆಯಿದ್ದಳು. ಮಗಳಿಗೆ ಸಿಡುಬು ಬಂದು ಉಳಿಯುವುದೇ ಅನುಮಾನವಾದಾಗ ಊರಮ್ಮನಿಗೆ ಒಂದು ಹೋತ ಬಿಟ್ಟಿದ್ದಳು. ಹಾಗೆ ದೇವಿಗೆ ಬಿಟ್ಟದ್ದಕ್ಕೆ ಅಲ್ಲಿ ಬಲಗಿವಿಯ ತುದಿಯನ್ನು ಮೀನಿನ ಬಾಲದಂತೆ ಕತ್ತರಿಸುತ್ತಾರೆ. ಅದು ಯಾರ ಹೊಲ ಮೇಯ್ದರೂ ಹೊಡೆಯುವಂತಿಲ್ಲ. ಮಗಳು ಉಳಿದಳು. ಹೋತ ಕೊಬ್ಬಿ ಬೆಳೆಯಿತು.

ಒಂದು ಮಧ್ಯಾಹ್ನ ಬೆಲ್ಲದ ಗಾಡಿಯವರು ಕೊಯ್ದು ಸುಲಿದ ಹೋತವೊಂದನ್ನು ತಂದಿಳಿಸಿದರು. ಹಾದಿಯಲ್ಲಿ ಸಿಕ್ಕಿತು ಎಂದು ನಗುತ್ತಿದ್ದರು. ತಲೆಯ ಕೂದಲು ಸುಡಲೆಂದು ಗಾದಿಲಿಂಗಪ್ಪ ಅದನ್ನು ಕೈಗೆತ್ತಿಕೊಂಡಾಗ ಕತ್ತರಿಸಿದ ಕಿವಿ ಕಂಡಿತು. ದೂರದ ಊರಿನವರು, ಗುರುತು ತಿಳಿಯದೆ ಕೊಯ್ದಿದ್ದರು. ಹೇಳಬಹುದಿತ್ತು. ಹೇಳಿದರೆ ಅವರು ಊರಿನ ಕೈಗೆ ಸಿಕ್ಕಿಬೀಳುತ್ತಾರೆ, ಮತ್ತೆ ಕಂಪ್ಲಿಯ ಒಂದು ಗಾಡಿಯೂ ಇಲ್ಲಿ ನಿಲ್ಲುವುದಿಲ್ಲ ಎನ್ನಿಸಿತು. ಅವನು ಬಲಗಿವಿಯನ್ನೇ ಮೊದಲು ಕೆಂಡದೊಳಗೆ ಒತ್ತಿ ಹಿಡಿದ. ಆಮೇಲೆ ಎಂದಿನಂತೆ ತನ್ನ ಪಾಲನ್ನೂ ತಿಂದ.

ಮರುದಿನ ಭರಮಮ್ಮ ಬಂದಳು. "ಗಾದಿ, ನಮ್ಮ ದೇವಿ ಹೋತ ಇತ್ಲಾಗ ಬಂದಿತ್ತೇನೋ?"

"ಇಲ್ಲಬೇ. ನಾ ನೋಡಿಲ್ಲ."

"ನೀ ನೋಡಿಲ್ಲಂದ್ರ ಇತ್ಲಾಗ ಬಂದೇ ಇಲ್ಲ ಬಿಡು" ಎಂದು ಹೊರಟುಹೋದಳು.

ಅನುಮಾನ ಪಾಲಪ್ಪನ ಮೇಲೆ ತಿರುಗಿತು. ಅವನು ಊರವರ ಆಡುಗಳನ್ನೆಲ್ಲ ಒಟ್ಟಿಗೆ ಕಾಯುತ್ತಿದ್ದವನು. ಹೋತವೂ ಆ ಹಿಂಡಿನ ಬೆನ್ನಿಗೇ ತಿರುಗುತ್ತಿತ್ತು. ಹಿರಿಯರು ಅವನನ್ನು ಊರಮ್ಮನ ಕಟ್ಟೆಗೆ ಕರೆಸಿ, ಉರಿಯುವ ಕರ್ಪೂರ ಆರಿಸಿ ಆಣೆ ಮಾಡು ಎಂದರು.

"ಹೆಂಡ್ತಿ ತುಂಬಿದ ಬಸುರಿ ಅದಾಳ್ರಿ. ಬಸುರಿ ಮನಿಯಾಗ ಇಟ್ಕೊಂಡು ಆಣಿ ಮಾಡಬಾರದು. ಹಡೀಲಿ, ಆಮ್ಯಾಲೆ ಮಾಡ್ತೀನಿ."

"ಬಸುರಿ ಇದ್ದಾಗ ಆಣಿ ಮಾಡಬಾರದು, ಕದೀಬಹುದೇನಲೇ?" ಎಂದ ಒಬ್ಬ. ಕಟ್ಟೆಯೆಲ್ಲ ನಕ್ಕಿತು.

ಗಾದಿಲಿಂಗಪ್ಪ ಆ ಗುಂಪಿನಲ್ಲೇ ಇದ್ದ. ತಾನು ನಗಲಿಲ್ಲ ಎನ್ನುವುದೊಂದೇ ತನಗಿದ್ದ ಸಮಾಧಾನ ಎಂದು ನನಗೆ ಹೇಳಿದ. ಅದೂ ಎಂಥ ಸಮಾಧಾನ ಎಂದು ತಾನೇ ಸೇರಿಸಿದ. ಆಣೆಗೆ ಹಿಂಜರಿದವನೇ ಕಳ್ಳ ಎಂದಾಯಿತು. ಮನೆಮನೆಯವರೂ ತಮ್ಮ ಆಡುಗಳನ್ನು ಬಿಡಿಸಿಕೊಂಡರು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಇವನು ಕೆಂಡ ಕೆದಕುತ್ತ ಕುಳಿತ.

ಒಂದು ಬೆಳಿಗ್ಗೆ ಪಾಲಪ್ಪ ಗುಡಿಸಲಿನ ಮುಂದೆ ಬಂದು ನಿಂತ. ತಲೆಯ ಮೇಲೆ ಗಂಟು, ಹಿಂದೆ ಹೊಟ್ಟೆ ಹಿಡಿದುಕೊಂಡು ನಡೆಯುವ ಹೆಂಡತಿ. ಸಂಡೂರು ಸಂಸ್ಥಾನದ ಗುಡ್ಡಗಳಲ್ಲಿ ಅದಿರು ಅಗೆಯಲು ಹೊರಟಿದ್ದರು. ಬೀಡಿಗೆ ಬೆಂಕಿ ಕೇಳಿದ. ಗಾದಿಲಿಂಗಪ್ಪ ಇಕ್ಕಳದಲ್ಲಿ ಕೆಂಡ ಹಿಡಿದು ಕೊಟ್ಟ.

"ಬರ್ತೀನಪ್ಪ. ನೀನೊಬ್ಬನರ ನನ್ನ ಕಳ್ಳ ಅನ್ಲಿಲ್ಲ."

ಅದು ಭಾನುವಾರ. ಸ್ವಲ್ಪ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ಕುಣಿಯಲ್ಲಿ ಕರಿ ನೀರು ನಿಂತಿತ್ತು. ಕೊಡ ಬುಡಮೇಲಾಗಿ ಬಿದ್ದಿತ್ತು. ಕೋಳಿ ಹಿಡಿದು ನಿಂತ ಗಾಡಿಯವರು ಬಿಡುತ್ತಿರಲಿಲ್ಲ.

"ಯಾಕ್ಲೇ ಗಾದಿ, ಮಠ ಸೇರಿದೇನು?"

"ಎರ್ರೆಮ್ಮ ಬಡಿದಿರಬೇಕು. ಅವನ ಮಾರಿ ನೋಡು."

"ಇನ್ನ ಸುಡಂಗಿಲ್ಲ. ಹೋಗ್ರಿ" ಎಂದು ಅವರನ್ನು ಸಾಗಹಾಕಿದ. ಗಾಡಿಗಳು ಹೋದ ಮೇಲೆ ನನಗೆ ಎಲ್ಲವನ್ನೂ ಹೇಳಿದ. ನಂತರ, "ಭರಮಮ್ಮನ ಮನಿಗೆ ನಡೀರಿ. ನನ್ನ ಹಿಂದ ನಿಂತ್ಕೋರಿ, ಇಲ್ಲಂದ್ರ ತಿರುಗಿ ಬರ್ತೀನಿ" ಎಂದ.

ಭರಮಮ್ಮ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. ಮೊರ ಕೆಳಗಿಟ್ಟಳು.

"ಹೋತ ಹೋದ್ರ ಇನ್ನೊಂದು ಬಿಡ್ತೀನಿ. ಊರಮ್ಮ ಕಾಯ್ತಾಳ. ಪಾಲಪ್ಪಗ ನಾನೂ ಕಳ್ಳ ಅಂದೀನಲ್ಲೋ, ನಿನ್ನ ಮಾತು ನಂಬಿ. ಆ ಮಾತು ಎಲ್ಲಿ ಹಾಕ್ಲಿ?"

ಅಂದೇ ಸಂಜೆ ಅವನು ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಹೇಳಿದ. ಬೈದರು, ಉಗಿದರು. ಪಾಲಪ್ಪನನ್ನು ಕರೆದು ತಾ ಎಂದರು. ಗಾದಿಲಿಂಗಪ್ಪ ಸಂಡೂರಿಗೆ ನಡೆದುಕೊಂಡೇ ಹೋದ. ಪಾಲಪ್ಪ ಅವನಿಗೆ ನೀರು ಕೊಟ್ಟ, ಬೈಯಲಿಲ್ಲ. ಗುಡ್ಡದ ಗುಡಿಸಲಲ್ಲಿ ಹೆಂಡತಿ ಗಂಡುಮಗು ಹಡೆದಿದ್ದಳು.

"ಆ ಊರ ನಗು ಇನ್ನೂ ಕಿವ್ಯಾಗ ಐತಿ. ನಾ ಬರಂಗಿಲ್ಲ. ಆಡು ಯಾರರ ಕಾಯ್ಲಿ" ಎಂದ.

ನಾಲ್ಕು ವರ್ಷಗಳಾದವು. ಗುಡಿಸಲು ಬಿದ್ದುಹೋಗಿದೆ. ಗಾಡಿಗಳು ಈಗ ಅಲ್ಲಿ ನಿಲ್ಲುವುದಿಲ್ಲ. ಗಾದಿಲಿಂಗಪ್ಪ ಕಡ್ಡಿರಾಂಪುರದ ಆಡುಗಳನ್ನು ಕಾಯುತ್ತಾನೆ.