ಕೀ ಕೊಟ್ಟದ್ದು ಯಾರ ಕೈಗೆ

ಇನ್ನಂಜೆಯ ಕಿರಿದಾದ ರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಡಲು ಹೋಗಿ ನನ್ನ ಕಾರಿನ ಎಡಗಡೆಯ ಚಕ್ರಗಳು ಗದ್ದೆಯ ಕೆಸರಿಗೆ ಇಳಿದವು. ಪಕ್ಕದಲ್ಲಿ ಮಗಳಿದ್ದಳು. ಮಣಿಪಾಲದಲ್ಲಿ ಅವಳ ಪರೀಕ್ಷೆಗೆ ಒಂದೇ ಗಂಟೆ ಉಳಿದಿತ್ತು. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತುಹೋಯಿತು.

ಹಿಂದಿನಿಂದ ಬಂದ ಹಳೆಯ ಕಾರೊಂದು ನಿಂತು, ವಯಸ್ಸಾದ ದಂಪತಿ ಇಳಿದರು. "ತೆಗೆದುಕೊಡುವ, ಕೀ ಕೊಡಿ" ಎಂದರು ಆ ಮಹಿಳೆ. ನಾನು ಕೀಯನ್ನು ಅವರ ಗಂಡನ ಕೈಗಿಟ್ಟೆ.

ಅವರು ನಗುತ್ತಾ ಅದನ್ನು ಹೆಂಡತಿಗೆ ದಾಟಿಸಿದರು. "ನಾನು ಪಕ್ಕದಲ್ಲಿ ಕೂತು ದಾರಿ ಹೇಳುವವ ಮಾರಾಯ್ರೆ. ನಮ್ಮ ಕಡೆಯಿಂದ ಕಾರ್ ರೇಸಿಗೆ ಇಳಿದ ಮೊದಲ ಹೆಂಗಸು ಇವಳು."

ಆಕೆ ಹೂತ ಚಕ್ರಗಳ ಗಾಳಿ ತುಸು ಇಳಿಸಿ, ಸ್ಟಿಯರಿಂಗನ್ನು ಅತ್ತಿತ್ತ ಆಡಿಸುತ್ತಾ ಕಾರನ್ನು ನಿಧಾನವಾಗಿ ರಸ್ತೆಗೆ ತಂದರು. ಕೀ ವಿಷಯಕ್ಕೆ ನಾನು ಕ್ಷಮೆ ಕೇಳಿದೆ.

"ಅದೆಂತ ಹೊಸತಲ್ಲ. ಹದಿನೈದು ವರ್ಷ ರೇಸ್ ಓಡಿಸಿದೆ. ನಾನು ಗೆದ್ದಾಗ ಕಪ್ಪನ್ನೂ ಮೊದಲು ಇವರ ಕೈಗೇ ಕೊಡುತ್ತಿದ್ದರು. ಕಟಪಾಡಿಯಲ್ಲಿ ಗಾಳಿ ಹಾಕಿಸಿಕೊಳ್ಳಿ" ಎಂದು ಹೊರಟರು.

ಮಗಳು ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿತ್ತು. ಈ ಕಾರಿನ ಕೀಯನ್ನು ನಾನು ಅವಳಿಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಅಂದು ಮಣಿಪಾಲದವರೆಗೆ ಪಕ್ಕದಲ್ಲಿ ಕೂತು ದಾರಿ ಹೇಳಿದವನು ನಾನು.