ಬೆರಳಿಗೆ ಖಾಲಿ ಏರಿತು

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಕೂತ ಕ್ಷಣದಿಂದ ಸೋಫಾದ ಹೊದಿಕೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಉಜ್ಜುತ್ತಿರುತ್ತೇನೆ. ಸೂರತ್ತಿನ ರೈಲ್ವೆ ಸ್ಟೇಷನ್ನಿನಲ್ಲಿ ಒಮ್ಮೆ ಪಕ್ಕದಲ್ಲಿ ಕೂತಿದ್ದವರ ಅಂಗಿಯ ತುದಿಯನ್ನೇ ಉಜ್ಜಿಬಿಟ್ಟೆ. ಅವರು ಜೇಬು ತಡವಿ ನೋಡಿಕೊಂಡು ಬೇರೆ ಬೆಂಚಿಗೆ ಹೋದರು. ಅಂಗಿಯಲ್ಲಿ ಅರ್ಧ ಪಾಲಿಯೆಸ್ಟರ್ ಇದೆ, ಮೋಸ ಹೋಗಿದ್ದೀರಿ ಎಂದು ಹೇಳಬೇಕೆಂದಿದ್ದೆ. ಕೇಳುವ ತಾಳ್ಮೆ ಜನಕ್ಕೆಲ್ಲಿದೆ?

ಚಾಳಿ ಅಂದೆ, ನಿಜಕ್ಕೂ ಅದು ನನ್ನ ಅನ್ನ. ಸೂರತ್ತಿನ ಒಂದು ಸೀರೆ ಮಿಲ್ಲಿನಲ್ಲಿ, ಬಣ್ಣ ಹಾಕಿ ಬಂದ ಬಟ್ಟೆಯ ಥಾನುಗಳನ್ನು ಮುಟ್ಟಿ ನೋಡಿ ಪಾಸೋ ಫೇಲೋ ಹೇಳುವುದು ನನ್ನ ಕೆಲಸ. ರಬಕವಿಯ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ವಿದ್ಯೆ ಹತ್ತಲಿಲ್ಲ. ಬಟ್ಟೆ ಬೆರಳಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ನಮ್ಮ ಕಸುಬಿನಲ್ಲಿ ‘ಹ್ಯಾಂಡ್’ ಎನ್ನುತ್ತಾರೆ. ಅಂದರೆ ಬಟ್ಟೆಗೂ ಒಂದು ಕೈ ಇದೆ, ನಾನು ದಿನವಿಡೀ ಕೈಕುಲುಕುತ್ತಾ ಕೂರುವವನು.

ಅಂಥ ಬಲಗೈಯ ಬೆರಳುಗಳು ಒಂದು ದಿನ ಮಾತು ನಿಲ್ಲಿಸಿದವು. ಊರಿನ ಕನ್ನಡದಲ್ಲಿ ಅದು ಜೋಮು. ಜೋಮು ಹಿಡಿಯುತ್ತದೆ, ಕೊಡವಿದರೆ ಬಿಡುತ್ತದೆ. ಇದು ಬಿಡಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಜೋಮು ಎಂದರೆ ಏನೆಂದು ತಿಳಿಯದು. ಕೈ ಕೊಡವುತ್ತಿದ್ದವನನ್ನು ನೋಡಿ ಅವಳೇ ನನಗೆ ಪಾಠ ಹೇಳಿದಳು: “ಪಪ್ಪಾ, ಇದಕ್ಕ ‘ಖಾಲಿ ಚಢಿ ಗಈ’ ಅಂತಾರ.” ಖಾಲಿ ಏರಿಬಿಟ್ಟಿತು! ಗುಜರಾತಿಯಲ್ಲಿ ಜೋಮಿಗೆ ಹಾಗೆ ಹೇಳುತ್ತಾರಂತೆ. ನಮ್ಮಲ್ಲಿ ಡಬ್ಬಿ ಖಾಲಿಯಾಗುತ್ತದೆ, ಬಸ್ಸು ಖಾಲಿಯಾಗುತ್ತದೆ. ಇಲ್ಲಿ ಖಾಲಿ ಎಂಬುದೇ ಎದ್ದು ಬಂದು ಮೈ ಹತ್ತುತ್ತದೆ. ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮಿಲ್ಲಿನಲ್ಲಿ ಯಾರಿಗೂ ಹೇಳಲಿಲ್ಲ. ಹೆದರಿದ್ದೆ. ಬೆರಳು ಹೋದ ಮೇಲೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೂರು ವಾರ ಕಣ್ಣಿನಿಂದ ನೋಡಿ, ಬೆರಳಾಡಿಸಿದಂತೆ ನಟಿಸಿ, ಅಂದಾಜಿನ ಮೇಲೆ ಪಾಸ್ ಚೀಟಿ ಬರೆದೆ.

ಕೊನೆಗೆ ಮಗಳೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮೊದಲೆಲ್ಲ ಮೊಬೈಲಿಗೆ ಕರೆ ಬಂದರೂ ದುಡ್ಡು ಹೋಗುತ್ತಿತ್ತು, ಅದು ತಪ್ಪಿದ ಸುಖ ಆಗಷ್ಟೇ ಬಂದ ಕಾಲ. ಡಾಕ್ಟರು ತಮ್ಮ ಮೊಬೈಲನ್ನು ವೈಬ್ರೇಟಿಗಿಟ್ಟು ಗುರುಗುಟ್ಟಿಸಿ ನನ್ನ ಅಂಗೈಯಲ್ಲಿಟ್ಟರು. ಗುರುಗುಟ್ಟುವಿಕೆ ತಿಳಿಯುವ ಚರ್ಮದೊಳಗಿನ ಗ್ರಾಹಕಗಳೇ ಬೇರೆ, ಒತ್ತಡದವು ಬೇರೆ, ಬಿಸಿ, ತಂಪು, ನೋವು ಎಲ್ಲಕ್ಕೂ ಬೇರೆಬೇರೆಯಂತೆ. ಕೆಲವಕ್ಕೆ ಯಾರೋ ಯುರೋಪಿನ ಮಹನೀಯರ ಹೆಸರುಗಳಿವೆ, ನನ್ನ ನಾಲಿಗೆಯಲ್ಲಿ ಒಂದೂ ಹೊರಳಲಿಲ್ಲ. ಅವು ಬೆರಳ ತುದಿಯಲ್ಲಿ ಕಿಕ್ಕಿರಿದಿವೆ, ಬೆನ್ನಿನಲ್ಲಿ ವಿರಳ. ಅಕ್ಕಿಕಾಳಿನಗಲ ದೂರದ ಎರಡು ಮೊನೆಗಳನ್ನು ಬೆರಳು ಎರಡೆನ್ನುತ್ತದೆ. ಬೆನ್ನಿಗೆ ಎರಡು ಬೆರಳಗಲ ಬಿಟ್ಟು ಚುಚ್ಚಿದರೂ ಒಂದೇ. ಇನ್ನೊಂದು ವಿಷಯ ಕೇಳಿ ನನಗೆ ನನ್ನ ಚಾಳಿಯ ಮೇಲೆ ಗೌರವ ಬಂತು. ಸುಮ್ಮನೆ ಇಟ್ಟ ಬೆರಳಿಗೆ ನವಿರು ನೇಯ್ಗೆ ತಿಳಿಯುವುದಿಲ್ಲವಂತೆ, ಅದು ಓಡಾಡಬೇಕು. ಬದಲಾಗದ ಸುದ್ದಿಯನ್ನು ಚರ್ಮ ಬೇಗ ಕೈಬಿಡುತ್ತದೆ. ಬೆಳಗ್ಗೆ ಹಾಕಿಕೊಂಡ ಅಂಗಿಯ ಕಾಲರು ನಿಮ್ಮ ಕುತ್ತಿಗೆಗೆ ತಾಗುತ್ತಿರುವುದು ನಾನು ಹೇಳಿದ ಮೇಲೆ ತಾನೇ ನಿಮಗೆ ತಿಳಿದದ್ದು?

ಆಮೇಲೆ ಕಣ್ಣು ಮುಚ್ಚಿಸಿ ಪರೀಕ್ಷೆ. ತೋರುಬೆರಳಿಗೆ ಮೊನೆ ತಾಗಿಸುತ್ತಾ “ಏಕ್ ಕೆ ಬೇ?” ಎನ್ನುವರು, ಒಂದೋ ಎರಡೋ. ಪರೀಕ್ಷೆ ಎಂದೊಡನೆ ನನಗೆ ಪಾಸಾಗುವ ಚಪಲ. ಏಕ್, ಬೇ, ಬೇ, ಏಕ್ ಎಂದು ಸರಸರ ಹೇಳಿದೆ. ಮಗಳು ಕಿಸಕ್ಕೆಂದಳು.

“ಹುಂ ತೋ ಅಡ್ಯೋ ಜ ನಥೀ,” ಎಂದರು ಡಾಕ್ಟರು. ಅಂದರೆ, ನಾನು ಮುಟ್ಟಿಯೇ ಇಲ್ಲವಲ್ಲ!

ನನಗೆ ನಾಚಿಕೆಯಾಯಿತು. ಮಿಲ್ಲಿನಲ್ಲಿ ಮೂರು ವಾರ ಮಾಡಿದ್ದು ಇದನ್ನೇ. ಬೆರಳಿನ ಗ್ರಾಹಕಗಳೆಲ್ಲ ಸರಿಯಾಗಿವೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಸುದ್ದಿಯ ದಾರಿ ಕಟ್ಟಿದೆ, ಕೆಲವು ತಿಂಗಳು ಕೈಗೆ ವಿಶ್ರಾಂತಿ ಬೇಕು ಎಂದು ಡಾಕ್ಟರು ಪಟ್ಟಿ ಬಿಗಿದರು. ನಾನು ಸೀದಾ ಮಿಲ್ಲಿಗೆ ಹೋಗಿ ಮಾಲೀಕರಾದ ಸೇಠರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಅವರು ನನ್ನ ಪಟ್ಟಿಯನ್ನೂ ಮುಖವನ್ನೂ ನೋಡಿದರು.

“ಡಾಬೋ ಹಾಥ್ ಛೇ ನೆ?” ಎಂದರು. ಎಡಗೈ ಇದೆ ತಾನೆ? ಮೊದಲು ಗೋದಾಮಿನಲ್ಲಿ ಉಳಿದಿರುವ, ನೀನೇ ಪಾಸು ಮಾಡಿದ ಥಾನುಗಳಿಂದ ಶುರುಮಾಡು ಎಂದು ಹೇಳಿ ಫೋನಿನ ಕಡೆ ತಿರುಗಿದರು.

ಇಷ್ಟು ವರ್ಷ ನನ್ನ ಎಡಗೈ ಬಟ್ಟೆಯ ಅಂಚು ಹಿಡಿದುಕೊಂಡು ನಿಂತದ್ದೇ ಹೊರತು ತೀರ್ಪು ಹೇಳಿರಲಿಲ್ಲ. ಬಲಗೈಗೆ ಮುಟ್ಟುವ ಮೊದಲೇ ಎಲ್ಲ ತಿಳಿದಿರುತ್ತಿತ್ತು. ಎಡಗೈಗೆ ಏನೂ ಗೊತ್ತಿಲ್ಲ. ಅದು ಪ್ರತಿ ಗೇಣಿಗೂ ನಿಂತು, ಹಿಂದೆ ಹೋಗಿ, ಮತ್ತೆ ಬಂದು ವಿಚಾರಿಸುತ್ತದೆ. ಮೊದಲ ಥಾನಿನ ನಡುವೆ ಹಾಗೆಯೇ ನಿಂತಿತು. ತರಿತರಿ. ಮತ್ತೆ ಸವರಿದೆ, ಅನುಮಾನವೇ ಇಲ್ಲ. ಥಾನಿಗೆ ನನ್ನ ಪಾಸ್ ಚೀಟಿ ಅಂಟಿತ್ತು, ಸಹಿ ಬಹಳ ಚೆನ್ನಾಗಿತ್ತು. ಗೋದಾಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ಸಹಿಯ ಕೆಳಗೆ ಎಡಗೈಯಲ್ಲೇ ‘ಫೇಲ್’ ಎಂದು ಬರೆದೆ. ಅಕ್ಷರ ಒಂದನೇ ಇಯತ್ತೆ ಓದುವ ಹುಡುಗನದಂತೆ ಸೊಟ್ಟಗಿತ್ತು, ಆದರೆ ಯಾರು ಬೇಕಾದರೂ ಓದಬಹುದಿತ್ತು. ಎರಡನೆಯ ಥಾನು ಬಿಚ್ಚಿದೆ.