ಕುಲುಮೆಗೆ ಎಳೆದ ವಿಭೂತಿ

ನನ್ನ ಸೋದರಮಾವ ಮೂವತ್ತು ವರ್ಷ ಖಾನಾಪುರದಿಂದ ಬೆಳಗಿನ ರೈಲಿನಲ್ಲಿ ಬೆಳಗಾವಿಗೆ ಬಂದು, ಒಂದು ಫೌಂಡ್ರಿಯ ಕೋಕ್ ಕಲ್ಲಿದ್ದಲಿನ ಕುಲುಮೆಯ ಮುಂದೆ ನಿಂತವರು. ಗಾಳಿಕಿಂಡಿಗೆ ನೀಲಿ ಗಾಜು ಹಿಡಿದು ಒಳಗೆ ನೋಡಿ, ಕಬ್ಬಿಣ ಎರೆಯುವ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುತ್ತಿದ್ದರು. ದಿನವೂ ಬೆಂಕಿ ಹೊತ್ತಿಸುವ ಮೊದಲು ಕುಲುಮೆಯ ಎದೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಪರಿಸರ ಗುಂಪೊಂದರ ಸ್ವಯಂಸೇವಕಿಯಾದ ನಾನು ಆ ಕುಲುಮೆಯ ಹೊಗೆಯನ್ನು ವಿರೋಧಿಸುತ್ತಿದ್ದೆ. ಅದು ಮಾವನ ಎದೆಯನ್ನೂ ಹೊಕ್ಕು ಕೆಮ್ಮು ತಂದಿತ್ತು.

ಸಣ್ಣ ಕಾರ್ಖಾನೆಗಳ ಇಂಧನ ದಕ್ಷತೆ ಹೆಚ್ಚಿಸಲು ಕೇಂದ್ರ ಸರ್ಕಾರ ಕರಡು ಯೋಜನೆ ಪ್ರಕಟಿಸಿದಾಗ, ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲಿ ಅದನ್ನು ಒಂದು ಸಾಲೂ ಬಿಡದೆ ಓದಿದೆ. ಕೆಲಸಗಾರರ ಮರುತರಬೇತಿಗೂ ಒಂದು ಅಧ್ಯಾಯವಿತ್ತು. ಅದನ್ನು ತೋರಿಸಿಯೇ, ಕೋಕ್ ಬದಲು ವಿದ್ಯುತ್ ಕುಲುಮೆ ಬರಲೆಂದು ಮಾವನನ್ನು ಒಪ್ಪಿಸಿದೆ.

“ಕರೆಂಟಿನ ಕುಲುಮಿ ಬಂದ್ರ ನಾ ಎಲ್ಲಿ ನಿಂದರ್ಲಿ?”

“ಅದರ ಮುಂದನ ನಿಂದರ್ತೀರಿ, ಮಾಮಾ. ಕಲಸ್ತಾರ. ಇಲ್ಲಿ ಬರದಾರ ನೋಡ್ರಿ.”

“ಬರದಾರಂದ್ರ ಆತು ಬಿಡು. ಸಾಲಿ ಕಲತಾಕಿ ನೀ.”

ಇಂಧನ ಬಳಕೆಯ ತಪಾಸಣೆಗೆ ಬಂದ ಅಧಿಕಾರಿಗೆ ಕನ್ನಡ ಬಾರದ್ದರಿಂದ, ಮಾವನ ಉತ್ತರಗಳನ್ನು ನಾನೇ ನಮೂನೆಗೆ ಇಳಿಸಿದೆ. ತಾಪ ಅಳೆಯುವ ಸಾಧನ ಯಾವುದೆಂಬ ಪ್ರಶ್ನೆಗೆ ಮಾವ ತಮ್ಮ ಕಣ್ಣು ಮುಟ್ಟಿ ತೋರಿಸಿದರು. ‘ಸಾಧನವಿಲ್ಲ, ಅಂದಾಜು’ ಎಂದು ಬರೆದೆ. ನಿಜವನ್ನೇ ಬರೆದೆನೆಂಬ ಹೆಮ್ಮೆಯೂ ಇತ್ತು.

ಅಂತಿಮ ಯೋಜನೆಯಲ್ಲಿ ಯಂತ್ರಕ್ಕೆ ನೆರವು ಉಳಿಯಿತು. ತರಬೇತಿಯ ಅಧ್ಯಾಯ ಉಳಿಯಲಿಲ್ಲ. ಅದನ್ನು ಕೈಬಿಟ್ಟದ್ದು ಸರ್ಕಾರದ ತಪ್ಪು. ಕಲಿಸುವ ಹೊಣೆ ತಮ್ಮದಲ್ಲವೆಂದದ್ದು ಮಾಲೀಕರ ತಪ್ಪು. ಎಲ್ಲವೂ ತಿಳಿದಿದ್ದೂ ಮಾವನಿಗೆ ಹೇಳದೆ ಉಳಿದದ್ದು ನನ್ನದು.

ಹೊಸ ಕುಲುಮೆ ಆರಂಭವಾದ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಆ ಯಂತ್ರದ ಎದೆ ಯಾವುದೆಂದು ಸುತ್ತಲೂ ನೋಡಿ, ಕೊನೆಗೆ ಅಂಕಿಗಳು ಮಿನುಗುತ್ತಿದ್ದ ಫಲಕದ ಗಾಜಿನ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ ಎಳೆದರು. ಫಲಕ ಕೀರಲುದನಿ ಮಾಡಿ ಕಪ್ಪಾಯಿತು.

“ಯಾರ್ರೀ ಇವರ್ನ ಒಳಗ ಬಿಟ್ಟಾವ್ರು?” ಎಂದ ಹೊಸ ಆಪರೇಟರ್. “ಕಾಕಾ, ಇದೇನ್ ಗುಡಿ ಏನ್ರಿ?”

ಒಂದಿಬ್ಬರು ನಕ್ಕರು. ಮಾವ ನನ್ನತ್ತ ನೋಡಿದರು. ಪರಿಸರ ಗುಂಪಿನ ಪರವಾಗಿ ಅತಿಥಿಗಳ ಸಾಲಿನಲ್ಲಿ ಕುಳಿತಿದ್ದ ನಾನು ಕೈಯಲ್ಲಿದ್ದ ಆಮಂತ್ರಣ ಪತ್ರದತ್ತ ತಲೆ ಬಗ್ಗಿಸಿದೆ. ಅವರು ಹೆಗಲ ಮೇಲಿನ ವಸ್ತ್ರದಿಂದ ಗೆರೆಗಳನ್ನು ತಾವೇ ಒರೆಸಿದರು. ಮರುದಿನದಿಂದ ಅವರಿಗೆ ಗೇಟಿನ ಬಳಿ ಒಂದು ಕುರ್ಚಿ. ವಾರ ಕೂತು, ಕೆಲಸ ಬಿಟ್ಟರು.

ಈಗ ಯೋಜನೆಯ ಎರಡನೇ ಹಂತದ ಕರಡು ಬಂದಿದೆ. ತರಬೇತಿಯ ಅಧ್ಯಾಯ ಮರಳಿ ಸೇರಬೇಕೆಂಬ ಆಕ್ಷೇಪಣೆಗೆ ಮಾವನ ಸಹಿ ಪಡೆಯಲು ಕಳೆದ ಭಾನುವಾರ ಖಾನಾಪುರಕ್ಕೆ ಹೋದೆ. ಅವರ ಕೆಮ್ಮು ನಿಂತಿತ್ತು. ಹೊಗೆಯ ಬಗ್ಗೆ ನಾನು ಹೇಳಿದ್ದೆಲ್ಲ ಸರಿಯೇ ಇತ್ತು.

ಓದಿ ಹೇಳಿದೆ. ಸಹಿ ಮಾಡಿ, ಕಾಗದ ಮರಳಿಸುತ್ತ ಕೇಳಿದರು: “ಅವತ್ತ ನಾ ಕಣ್ಣ ತೋರಿಸಿದ್ನಲ್ಲ, ಅದನ್ನ ಏನಂತ ಬರದಿದ್ದಿ?”

ಹೇಳಿದೆ.

“ಅಂದಾಜು,” ಎಂದು ನನ್ನ ಮಾತನ್ನೇ ತಾವೂ ಒಮ್ಮೆ ಹೇಳಿ, ನನ್ನ ಕೈಯಲ್ಲಿದ್ದ ಕಾಗದದತ್ತ ನೋಡಿದರು. “ಚಾ ಕುಡದ ಹೋಗ,” ಎಂದು ಎದ್ದರು. “ಗಾಡಿಗೆ ಇನ್ನೂ ಹೊತ್ತೈತಿ.”